ಕೆರೆಯ ನೀರೂ ನನ್ನ ಕೆಂಪು ಶಾಯಿಯೂ

ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಂಡಿತನಾಗಿದ್ದ ಕಾಲ; 1979 ಇರಬೇಕು. ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಡ್ರಾಯಿಂಗ್ ಪೀರಿಯಡ್ಡೂ ನನ್ನ ಪಾಲಿಗೆ ಬಂದಿತ್ತು. ನನಗೆ ತಿಳಿದಿದ್ದುದು ಅಷ್ಟಕ್ಕಷ್ಟೆ. ಮೇಲೆ ಬೆಟ್ಟ, ಮರ. ಕೆಳಗೆ ನೀರಿನಲ್ಲಿ ಅದೇ ಬೆಟ್ಟ, ಅದೇ ಮರ, ತಲೆಕೆಳಗಾಗಿ. ಹಾಳೆಯನ್ನು ಅಡ್ಡಲಾಗಿ ಮಡಿಚಿ ಒತ್ತಿದರೆ ಪ್ರತಿಬಿಂಬ ತಾನೇ ಮೂಡುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದೆ.

ಒಂದು ಶನಿವಾರ ಅವರನ್ನು ತೊಣ್ಣೂರು ಕೆರೆಗೆ ಕರೆದೊಯ್ದೆ. ಮೋತಿ ತಲಾಬ್ ಎಂಬ ಇನ್ನೊಂದು ಹೆಸರಿಗೆ ತಕ್ಕಂತೆ ಅದರ ನೀರು ತಿಳಿ. ಎತ್ತರದ ಏರಿಯ ಮೇಲೆ ಕುಳಿತು ಎಲ್ಲರೂ ಎದುರು ದಡವನ್ನು ಬರೆದರು. ಒಬ್ಬ ಹುಡುಗನ ಚಿತ್ರದಲ್ಲಿ ಮಾತ್ರ, ಮೇಲೆ ಮರಗಳ ಹಿಂದೆ ಎದ್ದು ನಿಂತಿದ್ದ ಬೆಟ್ಟ ನೀರಿನಲ್ಲಿ ಮರಗಳ ಮರೆಗೆ ಸರಿದು ಗಿಡ್ಡವಾಗಿತ್ತು.

“ಇದೇನಯ್ಯಾ, ಬೆಟ್ಟ ನೀರಿಗಿಳಿದ ಕೂಡಲೇ ಕುಗ್ಗಿಹೋಯಿತೆ?”

“ಹಂಗೇ ಕಾಣ್ತದೆ ಸಾ.”

ಹುಡುಗರು ನಕ್ಕರು. ನಾನು ಕೆಂಪು ಶಾಯಿಯಲ್ಲಿ ಬೆಟ್ಟವನ್ನು ‘ಸರಿಪಡಿಸಿ’ ಹತ್ತಕ್ಕೆ ಮೂರು ಅಂಕ ಕೊಟ್ಟೆ. ಅವನು ನಾಗಮಂಗಲದ ಕಡೆಯವನು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ತನ್ನೂರಿನ ಕೆರೆ ಕೋಡಿ ಬಿದ್ದುದನ್ನು ಕಂಡವನಲ್ಲ. ಆದುದರಿಂದಲೇ ನೀರನ್ನು ಅಷ್ಟು ಕಣ್ಣಿಟ್ಟು ನೋಡಿದ್ದನೇನೋ! ಆಮೇಲೆ ಅವನು ಚಿತ್ರ ಬರೆದುದನ್ನು ನಾನು ನೋಡಲಿಲ್ಲ.

ಹಲವು ವರ್ಷಗಳ ತರುವಾಯ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಬಳಿ ಒಂದು ಸಂಜೆ ಎತ್ತರದ ದಡದಲ್ಲಿ ನಿಂತಿದ್ದೆ. ನಾನು ನಿಂತ ಕಡೆಯಿಂದ ಸೇತುವೆಯ ತಳಭಾಗ ಕಾಣುತ್ತಿರಲಿಲ್ಲ. ಆದರೆ ಕಾವೇರಿಯ ನಿಶ್ಚಲ ನೀರಿನಲ್ಲಿ ಕಲ್ಲುಹಾಸಿನ ಅಡಿಭಾಗ ಸ್ಪಷ್ಟವಾಗಿ ಕಾಣುತ್ತಿತ್ತು! ಮೇಲಿನ ಚಿತ್ರದಲ್ಲಿ ಇಲ್ಲದ್ದು ಕೆಳಗಿನ ಚಿತ್ರದಲ್ಲಿ ಹೇಗೆ ಬಂತು? ನಮ್ಮ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕಣ್ಣಿದ್ದರೆ ಅದಕ್ಕೆ ಏನು ಕಾಣುವುದೋ, ಪ್ರತಿಬಿಂಬದಲ್ಲಿ ನಮಗೆ ಕಾಣುವುದು ಅದೇ. ಹಾಗೆ ಕೆಳಗಿನಿಂದ ನೋಡುವ ಕಣ್ಣಿಗೆ ದಡದ ಮರ ಹಿಂದಿನ ಬೆಟ್ಟವನ್ನು ಹೆಚ್ಚು ಮರೆಮಾಡುತ್ತದೆ. ಏರಿ ಎತ್ತರವಾದಷ್ಟೂ ನೀರಿನೊಳಗಿನ ಬೆಟ್ಟ ಗಿಡ್ಡ. ಅಲ್ಲೇ ನಿಂತಲ್ಲಿ ನನಗೆ ತೊಣ್ಣೂರಿನ ಹುಡುಗ ನೆನಪಾದ.

ಇಂಗ್ಲೆಂಡಿನ ಟರ್ನರ್ ಭಾರತಕ್ಕೆ ಬಂದವನೇ ಅಲ್ಲ. ಆದರೂ 1800ರ ಸುಮಾರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದಾಗ, ನೀರು ತುಂಬಿದ ಗಾಜಿನ ಗೋಳಗಳ ಬಿಂಬ ಪ್ರತಿಬಿಂಬಗಳನ್ನು ಬರೆದು ಪಾಠಕ್ಕೆ ಬಳಸಿದನಂತೆ. ಎಂತಹ ಕಲಾವಿದನೂ ಗೋಳವನ್ನು ಎದುರಿಗಿಟ್ಟುಕೊಂಡು ನೋಡಿದ. ಕಣ್ಣೆದುರಿಗೆ ಇಡೀ ಕೆರೆಯೇ ಇದ್ದರೂ ನಾನು ಮಡಿಚಿದ ಹಾಳೆಯನ್ನು ನಂಬಿದೆ.

ನಿವೃತ್ತನಾದ ಮೇಲೆ ಕೆ.ಆರ್. ಪೇಟೆಯಲ್ಲಿ ನೆಲೆಸಿದ್ದೇನೆ. ಹೇಮಾವತಿ ಶಾಂತವಾಗಿ ಹರಿಯುವ ದಿನಗಳಲ್ಲಿ ಹೇಮಗಿರಿಗೆ ಹೋಗಿ ಬಣ್ಣದ ಪೆಟ್ಟಿಗೆ ಬಿಚ್ಚುವ ಚಟ ತಡವಾಗಿ ಹಿಡಿದಿದೆ. ಕಪ್ಪು ಬಂಡೆಯ ಬಿಂಬ ಬಂಡೆಗಿಂತ ತುಸು ತಿಳಿಯಾಗಿರುತ್ತದೆ, ಬಿಳಿಯ ಬಟ್ಟೆಯದು ತುಸು ಮಂಕಾಗಿರುತ್ತದೆ ಎಂಬುದನ್ನೂ ಈಗ ಕಲಿತಿದ್ದೇನೆ. ಅವನ ಹೆಸರು ನೆನಪಿದೆ, ವಿಳಾಸ ದೊರೆತಿಲ್ಲ. ಕುಂಚ ಅದ್ದುವ ಮೊದಲು ಒಮ್ಮೆ ದಡದಲ್ಲಿ ಕುಳಿತು ನೋಡುತ್ತೇನೆ, ಮತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ನಿಂತು ನೋಡುತ್ತೇನೆ. ನಾನು ಎದ್ದಷ್ಟೂ ನೀರಿನೊಳಗಿನ ಗುಡ್ಡ ಮರಗಳ ಹಿಂದಕ್ಕೆ ಸರಿಯುತ್ತದೆ.