12 ಎಂ.ಎಂ. ಪ್ಲೇಟು

ಆಗ ನಾನು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿದ್ದೆ. ಅಲ್ಲಿ ಟಿಗ್ ವೆಲ್ಡಿಂಗ್ ಅಂತ ಯಾರೂ ಅನ್ನುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅದು ಆರ್ಗಾನ್. ಮೆಟ್ಟಿಲಿನ ರೇಲಿಂಗು, 2 ಎಂ.ಎಂ. ತಗಡಿನ ಟ್ಯಾಂಕು, ಇಂಥವಕ್ಕೆ ನನ್ನ ಕೈ ಚೆನ್ನಾಗಿ ಪಳಗಿತ್ತು. ಹಾಗಾಗಿ ಮೇಸ್ತ್ರಿ 12 ಎಂ.ಎಂ. ದಪ್ಪದ ಎರಡು ಎಂ.ಎಸ್. ಪ್ಲೇಟು ತಂದಿಟ್ಟು "ಸೇರಿಸು ನೋಡೋಣ" ಅಂದಾಗ ನನಗೆ ಹೆದರಿಕೆಯೇನೂ ಆಗಲಿಲ್ಲ.

ಎರಡೂ ಅಂಚನ್ನು 30 ಡಿಗ್ರಿ ಓರೆಯಾಗಿ ತಿಕ್ಕಿದೆ. ನಡುವೆ ಫಿಲ್ಲರ್ ಕಡ್ಡಿಯನ್ನೇ ಇಟ್ಟು ಗ್ಯಾಪ್ ಹಿಡಿದು ಟ್ಯಾಕ್ ಹಾಕಿದೆ. ಕರೆಂಟು 90 ಆಂಪಿಯರ್. ಕಡ್ಡಿ ಸಲೀಸಾಗಿ ಕರಗಿ ಒಳಗಿಳಿಯುತ್ತಿತ್ತು. ಪದರದ ಮೇಲೆ ಪದರ ಹಾಕಿ, ಸಂಜೆಗೆ ಹೊಲಿಗೆ ಹಾಕಿದಷ್ಟು ನೀಟಾಗಿ ಮುಗಿಸಿದೆ.

ಮೇಸ್ತ್ರಿ ಒಂದು ಮಾತೂ ಆಡದೆ ಬೆಸುಗೆಗೆ ಅಡ್ಡಲಾಗಿ ಒಂದು ಪಟ್ಟಿ ಕೊಯ್ದು ಪ್ರೆಸ್ಸಿಗೆ ಕೊಟ್ಟರು. ಅರ್ಧ ಬಗ್ಗುವಷ್ಟರಲ್ಲೇ ಬೆಸುಗೆ ಬಾಯಿಬಿಟ್ಟಿತು. ಬಿರುಕಿನೊಳಗೆ ನೋಡಿದರೆ ಎದೆ ಧಸಕ್ಕೆಂದಿತು. ನಾನು ತಿಕ್ಕಿದ್ದ ಗ್ರೈಂಡರಿನ ಗೀರುಗಳು ಅಂಚಿನ ಮೇಲೆ ಹಾಗೇ ಉಳಿದಿದ್ದವು!

"ಕಡ್ಡಿ ಕರಗಿಸಿದೀಯ ಮಗ, ಪ್ಲೇಟು ಕರಗಿಸಿಲ್ಲ. ದಪ್ಪ ಕಬ್ಬಿಣ ಬಿಸೀನೆಲ್ಲ ಎಳ್ಕೊಂಡುಬಿಡುತ್ತೆ. ಅದು ಬೆವರೋವರೆಗೂ ಕಡ್ಡಿ ಮುಟ್ಟಿಸ್ಬೇಡ" ಅಂದರು.

ಮರುದಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಮೊದಲು ಫ್ಯಾನು ಆಫ್ ಮಾಡಿಸಿದರು, ಗಾಳಿ ಬಿದ್ದರೆ ಆರ್ಗಾನ್ ಚದುರಿ ಬೆಸುಗೆಯ ತುಂಬ ತೂತು. ಅಂಚಿನಿಂದ ಒಂದಿಂಚು ಅಗಲಕ್ಕೆ, ಮೇಲೂ ಕೆಳಗೂ, ಪ್ಲೇಟಿನ ಕರಿ ಹಕ್ಕಳೆ ತಿಕ್ಕಿಸಿದರು. ಟಂಗ್‌ಸ್ಟನ್ನನ್ನು ಉದ್ದುದ್ದಕ್ಕೆ ಚೂಪು ಮಾಡಿಸಿದರು. ಗ್ಯಾಸು ನಿಮಿಷಕ್ಕೆ 10 ಲೀಟರ್. ರೂಟಿಗೆ, ಅಂದರೆ ತಳದ ಮೊದಲ ಪದರಕ್ಕೆ, 110 ಆಂಪಿಯರ್ ಇಟ್ಟೆ. ಎರಡೂ ತುಟಿ ಕರಗಿ ನಡುವೆ ಸಣ್ಣ ತೂತು ತೆರೆದ ಮೇಲೆಯೇ ಕಡ್ಡಿಯ ಒಂದು ಹನಿ, ಆಮೇಲೆ ಮುಂದಕ್ಕೆ. ಆ ಕಾಯುವಿಕೆ ಎಷ್ಟು ಕಷ್ಟ ಅನ್ನುತ್ತೀರಿ! ಕೈಗವಸಿನೊಳಗೆ ಬೆರಳು ಬೇಯುತ್ತಿತ್ತು. ಎರಡು ಸಲ ಟಂಗ್‌ಸ್ಟನ್ ಕರಗಿದ ಲೋಹಕ್ಕೆ ತಾಗಿತು. ಎರಡು ಸಲವೂ ಕೆಲಸ ನಿಲ್ಲಿಸಿ, ಆ ಜಾಗವನ್ನು ತಿಕ್ಕಿ ತೆಗೆದು, ಮೊನೆ ಹೊಸದಾಗಿ ಮಾಡಿಕೊಂಡು ಬಂದೆ.

ಮೇಲಿನ ಪದರಗಳಿಗೆ 160ಕ್ಕೆ ಏರಿಸಿದೆವು. ಪ್ರತಿ ಪದರಕ್ಕೂ ವೈರ್ ಬ್ರಷ್, ಎಡಗೋಡೆಯಲ್ಲಿ ಒಂದು ಗಳಿಗೆ, ಬಲಗೋಡೆಯಲ್ಲಿ ಒಂದು ಗಳಿಗೆ. ಗೋಡೆಯೇ ಕರಗಿ ಕೊಳದೊಳಕ್ಕೆ ಜಾರುವುದನ್ನು ಆವತ್ತು ಮೊದಲ ಸಲ ಕಣ್ಣಾರೆ ಕಂಡೆ. ಎರಡು ವರ್ಷ ಟಾರ್ಚು ಹಿಡಿದೂ ನಾನು ಅದನ್ನು ನೋಡಿರಲೇ ಇಲ್ಲ.

ಈ ಬಾರಿ ಎರಡು ಪಟ್ಟಿ ಕೊಯ್ದರು. ಒಂದನ್ನು ರೂಟು ಹೊರಗೆ ಬರುವ ಹಾಗೆ, ಇನ್ನೊಂದನ್ನು ಮೇಲ್ಮೈ ಹೊರಗೆ ಬರುವ ಹಾಗೆ ಬಗ್ಗಿಸಿದರು. ಎರಡೂ ಕುದುರೆಲಾಳದಂತೆ ಬಾಗಿದವು. ಮೇಸ್ತ್ರಿ ಕನ್ನಡಕ ಏರಿಸಿ, ಉಗುರಿನಿಂದ ಗೀರಿ ಹುಡುಕಿದರು. ಬಿರುಕು ಇರಲಿಲ್ಲ.

ಆರ್ಗಾನ್ ಕಲಿಯುತ್ತಿರುವ ತಮ್ಮಂದಿರೇ, ನಿಮ್ಮ ಮೊದಲ ದಪ್ಪ ಜಾಬನ್ನು ದಯವಿಟ್ಟು ಕೊಯ್ದು, ಬಗ್ಗಿಸಿ ನೋಡಿ.