ಕುದುರೆ ಸಾಹೇಬರ ಲಾಯ

ನಮ್ಮ ಶಾಲೆಯ ಹಿಂಬದಿಯಲ್ಲಿದ್ದ ಕುದುರೆ ಸಾಹೇಬರ ಲಾಯವು ಮುಚ್ಚಿಹೋದ ಸಂಗತಿಯನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಕೇಳಿರಬಹುದು. ಮೂರು ತಲೆಮಾರುಗಳಿಂದ ನಡೆದುಬಂದಿದ್ದ ವ್ಯಾಪಾರವದು. ಹಯ, ತುರಗ, ವಾಜಿ ಎಂದು ನಾನು ಪರ್ಯಾಯಪದಗಳನ್ನು ಹೇಳಿಕೊಡುತ್ತಿದ್ದಾಗ ಗೋಡೆಯಾಚೆಯಿಂದ ಹೇಷಾರವ ಕೇಳಿಬಂದು ತರಗತಿಯೆಲ್ಲ ನಗುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಲಿಕ್ಕೆ ಸಾಕು.

ಬೆಂಗಳೂರಿನ ದಂಡುಪ್ರದೇಶಕ್ಕೂ ಕುದುರೆ ವ್ಯಾಪಾರಕ್ಕೂ ಹಳೆಯ ನಂಟು. 1824ರಲ್ಲಿ ಪರ್ಷಿಯಾದ ಷೀರಾಜಿನಿಂದ ಕುದುರೆಗಳೊಡನೆ ಇಲ್ಲಿಗೆ ಬಂದ ಆಗಾ ಅಲಿ ಅಸ್ಕರ್ ಆಗಿನ್ನೂ ಹದಿನಾರರ ಹುಡುಗ. ಇಂಗ್ಲಿಷರ ಸೈನ್ಯಕ್ಕೆ ಕುದುರೆಗಳನ್ನು ಒದಗಿಸಿ, ಕಮಿಷನರ್ ಮಾರ್ಕ್ ಕಬ್ಬನ್ನರ ವಿಶ್ವಾಸ ಗಳಿಸಿ, ಹಲವಾರು ಬಂಗಲೆಗಳನ್ನು ಕಟ್ಟಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಇವರ ಮೊಮ್ಮಗ. ಅಲಿ ಅಸ್ಕರ್ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಪರದಾಡುವವರು ಒಮ್ಮೆ ಇದನ್ನು ನೆನೆಯಬಹುದು!

ಇನ್ನೂ ಹಿಂದಕ್ಕೆ ಹೋದರೆ ವಿಜಯನಗರ. ಸಾಳುವ ನರಸಿಂಹನು ಹಾರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ. ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾಲಕ್ಕೆ ದುಡ್ಡಾ ಮೇಷ್ಟ್ರೇ? ನಮ್ಮಲ್ಲಿ ಬದುಕಿರೋ ಕುದುರೆಗೇ ಸಾಲ ಹೇಳ್ತಾರೆ!"

ಅವರ ವಿದ್ಯೆ ಇದ್ದುದು ಕಣ್ಣು ಮತ್ತು ಬೆರಳುಗಳಲ್ಲಿ. ಐದನೆಯ ವರ್ಷಕ್ಕೆ ಕುದುರೆಯ ಮುಂದಿನ ಹಾಲುಹಲ್ಲುಗಳೆಲ್ಲ ಬಿದ್ದು ಬಾಯಿ ತುಂಬುತ್ತದೆ. ಆಮೇಲೆ ಹಲ್ಲಿನ ಮೇಲಣ ಕಪ್ಪು ಕುಳಿ ಎಷ್ಟು ಸವೆದಿದೆಯೆಂಬುದರಿಂದ ವಯಸ್ಸನ್ನು ಅಳೆಯಬೇಕು. ಮುದಿ ಕುದುರೆಯ ಹಲ್ಲು ಕೊರೆದು, ಸುಟ್ಟು, ಸುಳ್ಳು ಕುಳಿ ಮಾಡುವ ಖದೀಮರೂ ಉಂಟು. ಸಾಹೇಬರು ತುಟಿ ಎತ್ತಿದೊಡನೆಯೇ ಅದನ್ನು ಹಿಡಿಯುತ್ತಿದ್ದರು. ಕೊಳ್ಳುವವರು ಸುಳಿ ನೋಡುತ್ತಿದ್ದರು; ಇವರು ಮಾತ್ರ ಗೊರಸು ನೋಡುತ್ತಿದ್ದರು. ಬೆಲೆಯ ಮಾತೆಲ್ಲ ಟವಲಿನ ಮರೆಯಲ್ಲಿ, ಬೆರಳು ಹಿಡಿದು. ಎದುರಿಗೇ ನಿಂತಿದ್ದರೂ ನನಗೊಂದು ಸಲವೂ ಮೊತ್ತ ತಿಳಿಯಲಿಲ್ಲ.

ಜಟಕಾಗಳ ಕಾಲದಲ್ಲಿ ಲಾಯದ ತುಂಬ ಕುದುರೆಗಳಿದ್ದವು. ಆಟೋಗಳು ಹೆಚ್ಚಿದಂತೆ ಗಿರಾಕಿಗಳು ಕಡಿಮೆಯಾದರು. ಅದಕ್ಕಾಗಿ ನಾನು ಮರುಗಲಾರೆ. ಹೇರು ತಾಳಲಾರದೆ ಮಳೆಯ ಡಾಂಬರಿನ ಮೇಲೆ ಜಾರಿಬಿದ್ದ ಕುದುರೆಯನ್ನು ಕಂಡವನಿಗೆ ಜಟಕಾ ಮರಳಿ ಬರಲೆಂಬ ಆಸೆ ಹುಟ್ಟದು. ಕೊನೆಗೆ ಉಳಿದದ್ದು ಮದುವೆಯ ಮೆರವಣಿಗೆ. ಮಹಾರಾಷ್ಟ್ರದ ಸಾರಂಗಖೇಡದ ಜಾತ್ರೆಯಿಂದ ಬಿಳಿಯ ಕುದುರೆಗಳನ್ನು ತಂದು ಕೆಲವು ಕಾಲ ನಡೆಸಿದರು. ಹುರುಳಿಯ ಬೆಲೆ, ಲಾಳ ಹೊಡೆಯುವವರ ಅಭಾವ, ನೆರೆಯ ಅಪಾರ್ಟ್‌ಮೆಂಟಿನವರಿಂದ ಲದ್ದಿಯ ವಾಸನೆಯ ದೂರು, ಇವೆಲ್ಲ ಸೇರಿ ಸಾಕಾಯಿತು. ಮಗ ಟ್ಯಾಕ್ಸಿ ಓಡಿಸುತ್ತಾನೆ. ಜಾಗ ಮಾರಾಟವಾಯಿತು.

ಬಿಳಿಯ ಕುದುರೆಗಳೆರಡನ್ನೂ ಕೊಳ್ಳುವವರು ಸಿಕ್ಕರು. ಉಳಿದದ್ದು ಒಂದು ಮುದಿ ಕಂದು ಹೆಣ್ಣುಕುದುರೆ. ಅದಕ್ಕೂ ಒಬ್ಬ ಬಂದು ಟವಲಿನಡಿಯಲ್ಲಿ ಕೈಯಿಟ್ಟನಂತೆ. ಸಾಹೇಬರು ಕೈ ಹಿಂದಕ್ಕೆಳೆದುಕೊಂಡರು. ಮಗನಿಗೆ ಸಿಟ್ಟು. ನಾನು ಕೇಳಿದಾಗ ಅವರು ಹೇಳಿದ್ದಿಷ್ಟೇ: "ಈ ವಯಸ್ಸಿನ ಕುದುರೇನ ಯಾರು, ಯಾತಕ್ಕೆ ಕೊಳ್ತಾರೆ ಅಂತ ನನಗೆ ಗೊತ್ತು ಮೇಷ್ಟ್ರೇ. ಐವತ್ತು ವರ್ಷ ಮಾರಿದೋನು ನಾನು."

ಈಗ ಅವರು ಹೊಸಕೋಟೆಯ ಬಳಿ ತಂಗಿಯ ಮನೆಯಲ್ಲಿದ್ದಾರೆ. ಕುದುರೆಯೂ ಅಲ್ಲಿಯೇ, ಹುಣಸೆಮರದ ಕೆಳಗೆ. ಮೊನ್ನೆ ಹೋಗಿದ್ದೆ. ಅಂದಿನ ಹುಡುಗರ ಕ್ಷೇಮಸಮಾಚಾರವನ್ನು ಹೆಸರು ಹಿಡಿದು ವಿಚಾರಿಸಿದರು. ನೋಡಬಯಸುವವರು ನನಗೆ ತಿಳಿಸಿದರೆ ವಿಳಾಸ ಕೊಡುತ್ತೇನೆ. ಬರಿಗೈಯಲ್ಲಿ ಹೋಗಬೇಡಿ. ಹುರುಳಿಯನ್ನು ಚೆನ್ನಾಗಿ ಬೇಯಿಸಿ ಒಯ್ಯಿರಿ. ಪಾಪ, ಅದರ ಹಲ್ಲೆಲ್ಲ ಸವೆದುಹೋಗಿವೆ.