ನಮ್ಮ ಮನೆಗೆ ಗಣಕಯಂತ್ರ ಬಂದ ಬಗೆ

ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ವಿದ್ಯಾರ್ಥಿ ಸಂಪಾದಕರು ಬಂದು ಕೇಳಿದಾಗ, ನಾವು ಪಂಪನನ್ನು ಕುರಿತೋ ವಚನಗಳನ್ನು ಕುರಿತೋ ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಆಟವಾಡುವ ಗಣಕಯಂತ್ರವೊಂದನ್ನು ಕೈಯಾರೆ ಜೋಡಿಸಿದ ಕಥೆಯನ್ನು ಬರೆಯುವೆವೆಂದು ಹೇಳಿದೊಡನೆ ಅವರ ಮುಖದಲ್ಲಿ ಮೂಡಿದ ಹರ್ಷವನ್ನು ವ್ಯಾಕರಣದ ಪಾಠದಲ್ಲಿ ನಾವು ಒಂದು ದಿನವಾದರೂ ಕಂಡವರಲ್ಲ. ಆಟದ ಯಂತ್ರದ ವಿಷಯವನ್ನು ಉಪಾಧ್ಯಾಯರಾದವರು ಬರೆಯುವುದು ಯುಕ್ತವೇ ಎಂಬ ಶಂಕೆ ನಮಗೂ ಇದ್ದಿತು. ಆದರೆ ಅದಕ್ಕಾಗಿ ನಾವು ಪಟ್ಟ ಪಾಡು ಆಟವಾಗಿರಲಿಲ್ಲವಾದುದರಿಂದ ಬರೆಯಲು ಅಡ್ಡಿಯಿಲ್ಲವೆಂದು ತೋರಿತು.

ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದುದೆಲ್ಲವೂ ಕನ್ನಡದಲ್ಲಿ, ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೂ ಒಂದು ಗಣಕಯಂತ್ರ ಬಂದಿತು. ಅದನ್ನು ಒಂದು ಕೊಠಡಿಯಲ್ಲಿಟ್ಟು, ಹೂವಿನ ಚಿತ್ತಾರದ ಹೊದಿಕೆಯನ್ನು ಹೊದಿಸಿದರು. ಮಕ್ಕಳು ಚಪ್ಪಲಿ ಕಳಚಿ ಬಾಗಿಲಿನಲ್ಲಿ ನಿಂತು ನೋಡಬಹುದಾಗಿತ್ತು, ಮುಟ್ಟುವಂತಿರಲಿಲ್ಲ. ವರುಷಕ್ಕೊಮ್ಮೆ ಆಯುಧಪೂಜೆಯ ದಿನ ಹೊದಿಕೆಯನ್ನು ತೆಗೆದು ಕುಂಕುಮವಿಡುತ್ತಿದ್ದರು. ಅಂದು ಅದರ ಗಾಜಿನಲ್ಲಿ ನಮ್ಮ ಮುಖಗಳು ಸಾಲಾಗಿ ಕಾಣುತ್ತಿದ್ದವು. ಎರಡು ವರುಷಗಳಲ್ಲಿ ಆ ಗಾಜು ಒಮ್ಮೆಯಾದರೂ ಬೆಳಗಿದುದನ್ನು ನಾವು ನೋಡಲಿಲ್ಲ. ಎಂದಾದರೂ ಒಂದು ಯಂತ್ರವನ್ನು ಕೊಂಡರೆ ಅದರ ಹೊಟ್ಟೆಯೊಳಗೆ ಇರುವುದನ್ನೆಲ್ಲ ಕೈಯಿಂದ ಮುಟ್ಟಿಯೇ ಕೊಳ್ಳಬೇಕೆಂಬ ಹಟವು ಅಂದೇ ಹುಟ್ಟಿತೋ ಏನೋ.

ಚೆನ್ನೈಗೆ ಬಂದ ಮೇಲೆ ಸಂಸಾರ, ಬಾಡಿಗೆ, ಊರಿಗೆ ಕಳುಹಿಸುವ ಹಣ ಇವುಗಳ ನಡುವೆ ಆ ಹಟವು ಮಲಗಿಬಿಟ್ಟಿತ್ತು. ಅದನ್ನು ಎಬ್ಬಿಸಿದವನು ನಮ್ಮ ಚಿರಂಜೀವಿ. ಗೆಳೆಯನೊಬ್ಬನ ಮನೆಯಲ್ಲಿ ಅವನು ಮೈನ್‌ಕ್ರಾಫ್ಟ್ ಎಂಬ ಆಟವನ್ನು ಕಂಡು ಬಂದನು. ಮಣ್ಣು, ಕಲ್ಲು, ಮರಗಳ ಚೌಕದ ಗಟ್ಟಿಗಳನ್ನು ಅಗೆದು ಪೇರಿಸಿ ಮನೆ, ಕೋಟೆ, ಕೆರೆಗಳನ್ನು ಕಟ್ಟುವ ಆಟವದು. ಬೆಳಗ್ಗೆ ಎದ್ದರೆ ಅದರ ಜಪ, ರಾತ್ರಿ ಮಲಗಿದರೆ ಅದರ ಕನವರಿಕೆ. ಮನೆಪಾಠದಿಂದ ಬಂದ ಹಣವನ್ನು ಎರಡು ವರುಷ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟೆವು. 2023ನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಡಬ್ಬದಲ್ಲಿ 45,000 ರೂಪಾಯಿಗಳಾದವು. ಚಿತ್ರಗಳನ್ನು ಮೂಡಿಸಲೆಂದೇ ಇರುವ ಗ್ರಾಫಿಕ್ಸ್ ಕಾರ್ಡಿಗೆ ಹದಿನಾಲ್ಕು ಸಾವಿರವನ್ನು ತೆಗೆದಿರಿಸಿ ಒಂದು ಪಟ್ಟಿಯನ್ನೂ ಸಿದ್ಧಪಡಿಸಿದೆವು.

ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆ ಬಂದಿತು. ನಮ್ಮದು ವೇಳಚೇರಿಯಲ್ಲಿ ನೆಲದ ಮಟ್ಟದ ಮನೆ. ಅಂದು ಏನಾಯಿತೆಂಬುದನ್ನು ಈ ಶಾಲೆಯ ಮಕ್ಕಳಿಗೆ ನಾವು ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿಯೂ ನೀರು ನಿಂತಿದ್ದಿತು. ಡಬ್ಬವು ಬೀರುವಿನ ಮೇಲಿದ್ದುದರಿಂದ ಹಣ ನೆನೆಯಲಿಲ್ಲ. ಆದರೆ ನೀರಿಳಿದ ಮೇಲೆ ಹಾಸಿಗೆ, ತಂಗಳು ಪೆಟ್ಟಿಗೆಯ ಮೋಟಾರು, ಸ್ಕೂಟರಿನ ಎಂಜಿನು ಇವುಗಳಿಗಾಗಿ ಒಂಬತ್ತು ಸಾವಿರ ಕರಗಿತು. ಉಳಿದುದು 36,000. ಪಟ್ಟಿಯನ್ನು ಹರಿದು ಹಾಕಿದೆವು. ಚಿರಂಜೀವಿಯು ಏನನ್ನೂ ಕೇಳಲಿಲ್ಲ. ಅವನು ಕೇಳದಿದ್ದುದೇ ನಮಗೆ ಕಷ್ಟವಾಯಿತು.

ಇನ್ನು ಮೂವತ್ತಾರು ಸಾವಿರದಲ್ಲಿಯೇ ಆಗಬೇಕು, ಇಲ್ಲವೇ ಬಿಡಬೇಕು. ಇಲ್ಲಿಂದ ನಮ್ಮ ನಿಜವಾದ ವಿದ್ಯಾಭ್ಯಾಸವು ಆರಂಭವಾಯಿತು. ಗುರುವಾಗಿ ದೊರೆತವನು ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಹೆಸರನ್ನು ಬರೆಯಕೂಡದೆಂದು ಆತನ ಕಟ್ಟಪ್ಪಣೆಯಾಗಿದೆ. ಸಂಧಿಗಳಲ್ಲಿ ಲೋಪ, ಆಗಮ, ಆದೇಶವೆಂದು ನಾವು ಅವನಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆವೋ ಅಷ್ಟೇ ಸಲ ಅವನು ನಮಗೆ ಸಾಕೆಟ್, ಚಾನೆಲ್, ವ್ಯಾಟ್ ಎಂದು ಹೇಳಿಕೊಟ್ಟನು. ನಾವು ಅವನಿಗಿಂತ ನಿಧಾನವಾಗಿ ಕಲಿತೆವು.

ಅವನು ಹೇಳಿದುದನ್ನು ನಾವು ನಮ್ಮ ಊರಿನ ಅಡಿಗೆಮನೆಗೆ ಹೋಲಿಸಿ ತಿಳಿದುಕೊಂಡೆವು. ಪ್ರೊಸೆಸರ್ ಅಡಿಗೆಯವನು. ಅವನು ಎಷ್ಟೇ ಚುರುಕಾಗಿದ್ದರೂ ಎದುರಿಗೆ ಹರಡಿಕೊಳ್ಳಲು ಜಗಲಿ ಬೇಕು. ಅದೇ ರ‍್ಯಾಮ್ ಎಂಬ ತಾತ್ಕಾಲಿಕ ನೆನಪು. ದವಸವನ್ನೆಲ್ಲ ತುಂಬಿಡುವ ಅಟ್ಟವೇ ಎಸ್.ಎಸ್.ಡಿ. ಇವೆಲ್ಲವನ್ನೂ ಒಂದು ಸೂರಿನಡಿ ಕೂಡಿಸುವ ಮನೆಯೇ ಮದರ್‌ಬೋರ್ಡ್. ಅಟ್ಟದಿಂದ ಅಕ್ಕಿ ಇಳಿಯುವುದು ತಡವಾದರೆ ಅಡಿಗೆಯವನು ಸುಮ್ಮನೆ ಕೂರುವನು. ಆದುದರಿಂದ ಯಾವುದೋ ಒಂದು ಭಾಗಕ್ಕೆ ಹಣವನ್ನೆಲ್ಲ ಸುರಿದು ಮತ್ತೊಂದರಲ್ಲಿ ಜಿಪುಣತನ ಮಾಡಿದರೆ ಸುರಿದ ಹಣವೂ ವ್ಯರ್ಥವಾಗುತ್ತದೆ.

ಗ್ರಾಫಿಕ್ಸ್ ಕಾರ್ಡನ್ನು ಬಿಡದೆ ಗತಿಯಿರಲಿಲ್ಲ. ಬಳಸಿದ ಕಾರ್ಡುಗಳು ಏಳು ಸಾವಿರಕ್ಕೆ ದೊರೆಯುತ್ತಿದ್ದುದು ನಿಜ. ಆದರೆ ಅವುಗಳ ಪೂರ್ವಚರಿತ್ರೆಯನ್ನು ನಮ್ಮ ಗುರುವು ತಿಳಿಸಿದನು. ಈಥೀರಿಯಮ್ ಎಂಬ ಅಂಕಿನಾಣ್ಯವನ್ನು ಗಳಿಸಲೆಂದು ಜನರು ಇಂತಹ ಕಾರ್ಡುಗಳನ್ನು ಹಗಲಿರುಳೂ ಬಿಡುವಿಲ್ಲದೆ ದುಡಿಸುತ್ತಿದ್ದರು. 2022ನೆಯ ಇಸವಿಯ ಸೆಪ್ಟೆಂಬರ್ 15ರಂದು ಆ ನಾಣ್ಯದ ಪದ್ಧತಿಯೇ ಬದಲಾಗಿ ಕಾರ್ಡುಗಳಿಗೆ ಕೆಲಸವಿಲ್ಲದಂತಾಯಿತು. ಅವು ರಾಶಿರಾಶಿಯಾಗಿ ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದವು. ಗಾಣದಲ್ಲಿ ಸವೆದ ಎತ್ತಿಗೆ ಕೊಂಬು ಬಳಿದು ಜಾತ್ರೆಗೆ ತಂದ ಹಾಗೆ. ಎಲ್ಲವೂ ಕೆಟ್ಟವೆಂದಲ್ಲ, ಆದರೆ ಯಾವುದು ಒಳ್ಳೆಯದೆಂದು ಹಲ್ಲು ಹಿಡಿದು ನೋಡುವ ಶಕ್ತಿ ನಮಗಿರಲಿಲ್ಲ. ಕಾರ್ಡಿನ ಬದಲು, ಚಿತ್ರ ಬರೆಯುವ ಭಾಗವನ್ನೂ ತನ್ನೊಳಗೇ ಇಟ್ಟುಕೊಂಡಿರುವ ಪ್ರೊಸೆಸರನ್ನು ಆರಿಸಿದೆವು. ಅದು ಎ.ಎಂ.ಡಿ. ಕಂಪನಿಯವರ ರೈಜನ್ 5 5600ಜಿ: ಆರು ಕೋರುಗಳುಳ್ಳದ್ದು, 2021ರಲ್ಲಿ ಮಾರುಕಟ್ಟೆಗೆ ಬಂದದ್ದು, ಅದನ್ನು ತಣ್ಣಗಿಡುವ ಫ್ಯಾನೂ ಅದರ ಪೆಟ್ಟಿಗೆಯಲ್ಲಿಯೇ ಬರುತ್ತದೆ. ಮುಂದೆ ಕೈಯಲ್ಲಿ ಕಾಸು ಕೂಡಿದರೆ ಕಾರ್ಡನ್ನು ಆಮೇಲೆ ಸೇರಿಸಬಹುದು.

ಸಂಕ್ರಾಂತಿಯ ಮರುವಾರ ವೇಳಚೇರಿಯಲ್ಲಿ ರೈಲು ಹತ್ತಿದೆವು. ಆ ದಿನಗಳಲ್ಲಿ ನಾಲ್ಕನೆಯ ಹಳಿಯ ಕೆಲಸದ ನಿಮಿತ್ತ ಗಾಡಿಗಳು ಬೀಚ್ ನಿಲ್ದಾಣದವರೆಗೆ ಹೋಗದೆ ಚಿಂತಾದ್ರಿಪೇಟೆಯಲ್ಲಿಯೇ ನಿಲ್ಲುತ್ತಿದ್ದವು. ನಮಗೆ ಇಳಿಯಬೇಕಾಗಿದ್ದುದೂ ಅಲ್ಲಿಯೇ. 1730ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನೇಕಾರರನ್ನು ತಂದು ನೆಲೆಗೊಳಿಸಿದ ಪೇಟೆಯದು. ಸಣ್ಣ ಮಗ್ಗಗಳ ಪೇಟೆಯೆಂಬ ಅರ್ಥದ ತಮಿಳು ಮಾತಿನಿಂದ ಆ ಹೆಸರು ಬಂದಿತೆನ್ನುವರು. ಫ್ರಾನ್ಸಿನ ಜಕಾರ್ಡ್ ಎಂಬಾತನು 1804ರಲ್ಲಿ ರಂಧ್ರವಿರುವ ರಟ್ಟುಗಳಿಂದ ಮಗ್ಗವನ್ನು ನಡೆಸಿದನು. ಅದೇ ರಟ್ಟುಗಳ ಉಪಾಯವನ್ನು ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ತೆಗೆದುಕೊಂಡನು. ಮಗ್ಗದ ಪೇಟೆಯ ಮಗ್ಗುಲಲ್ಲಿಯೇ ಗಣಕಯಂತ್ರದ ಬೀದಿ ಬೆಳೆದುದು ಕಾಕತಾಳೀಯವೇ ಆದರೂ ನಡೆಯುತ್ತ ನಡೆಯುತ್ತ ಇದು ನೆನಪಾಗಿ ಸಂತೋಷವಾಯಿತು.

ಆ ಬೀದಿಯೇ ಮೌಂಟ್ ರೋಡಿಗೆ ಹೊಂದಿಕೊಂಡಿರುವ ರಿಚ್ಚಿ ಸ್ಟ್ರೀಟ್. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬನು ಅಂಗಡಿಯೊಳಗೆ ಕಾಲಿಡಬೇಕಾದಂತಹ ಜನಸಂದಣಿ. ಮೊದಲನೆಯ ಅಂಗಡಿಯಲ್ಲಿ ತರುಣನೊಬ್ಬನು, “ಸಾರ್, ಗೇಮಿಂಗಾ, ಆಫೀಸಾ?” ಎಂದನು. ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಜೇಬಿನಲ್ಲಿ ಪೆನ್ನು, ಮೂಗಿನ ಮೇಲೆ ಕನ್ನಡಕ, ತಲೆಯಲ್ಲಿ ಒಂದೆರಡು ನರೆ. ಹೀಗಿದ್ದು ಆಟಕ್ಕೆಂದು ಹೇಳಲು ನಾಲಗೆ ಏಳಲಿಲ್ಲ. “ಆಫೀಸ್” ಎಂದುಬಿಟ್ಟೆವು. ಅವನು ಅದಕ್ಕೆ ತಕ್ಕಂತೆ ಚೀಟಿ ಬರೆದುಕೊಟ್ಟನು. ಬೆಲೆ ಕಡಿಮೆಯೆಂದು ಹಿಗ್ಗಿ ಕಾಫಿ ಕುಡಿಯುತ್ತ ಓದಿದರೆ, ಬೇರೆಯೇ ಪ್ರೊಸೆಸರ್, ನೆನಪಿನ ಒಂದೇ ಒಂದು ಪಟ್ಟಿ, ಹೆಸರಿಲ್ಲದ ವಿದ್ಯುತ್ ಪೆಟ್ಟಿಗೆ! ಅವನದೇನೂ ತಪ್ಪಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದನು.

ಎರಡನೆಯ ಅಂಗಡಿಯಲ್ಲಿ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಸತ್ಯವನ್ನೇ ಹೇಳಿದೆವು: ಮಗನೂ ನಾವೂ ಆಟವಾಡಬೇಕು, ಹಣ ಇಷ್ಟೇ ಇದೆ. ಹಿರಿಯರೊಬ್ಬರು ಕುರ್ಚಿ ಸರಿಸಿ ಕುಳ್ಳಿರಿಸಿದರು. ಚಿತ್ರದ ಭಾಗವು ಪ್ರೊಸೆಸರಿನೊಳಗೇ ಇದ್ದರೆ ಅದು ಕೂಡ ರ‍್ಯಾಮಿನಿಂದಲೇ ಜಾಗವನ್ನು ಸಾಲ ಪಡೆಯುತ್ತದೆ. ಆದುದರಿಂದ ಹದಿನಾರು ಜಿ.ಬಿ.ಯ ಒಂದು ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿಗಳು ಮೇಲು. ಒಂದೇ ಬಾವಿಗೆ ಎರಡು ರಾಟೆ ಹಾಕಿದಂತೆ ಮಾಹಿತಿಯು ಎರಡು ದಾರಿಗಳಲ್ಲಿ ಹರಿಯುತ್ತದೆ. ಮತ್ತೊಂದು ಗಂಡಾಂತರವನ್ನೂ ಅವರೇ ತೋರಿಸಿದರು. ನಾವು ಕೇಳಿದ ಬಿ450 ಎಂಬ ಬಗೆಯ ಬೋರ್ಡು 2018ರದು. ಪ್ರೊಸೆಸರ್ ಅದಕ್ಕಿಂತ ಮೂರು ವರುಷ ಕಿರಿಯದು. ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದು ಮಾಡದಿದ್ದರೆ ಹಳೆಯ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸುವುದೇ ಇಲ್ಲ. ಬೇರೊಂದು ಕಡೆ ಇದನ್ನು ಕೇಳಿದ್ದಕ್ಕೆ “ಎಲ್ಲಾ ಓಡುತ್ತದೆ ಸಾರ್” ಎಂದು ಕೈ ಬೀಸಿದ್ದರು. ಇವರು ನಮ್ಮೆದುರಿಗೇ ಜೋಡಿಸಿ, ತೆರೆಯಲ್ಲಿ ಅಕ್ಷರ ಮೂಡಿಸಿ ತೋರಿಸಿ, ಮತ್ತೆ ಕಳಚಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ರಸೀದಿ ಬೇಡವೆಂದರೆ ತೆರಿಗೆಯ ನೂರಕ್ಕೆ ಹದಿನೆಂಟು ಉಳಿಯುವುದೆಂಬ ಪಿಸುಮಾತೂ ಆ ಬೀದಿಯಲ್ಲಿ ಕಿವಿಗೆ ಬಿದ್ದಿತ್ತು. ರಸೀದಿಯಿಲ್ಲದೆ ಮೂರು ವರುಷದ ವಾರಂಟಿಯನ್ನು ಯಾರ ಬಳಿ ಹೋಗಿ ಕೇಳುವುದು?

ಪ್ರೊಸೆಸರಿಗೆ 11,600, ಬೋರ್ಡಿಗೆ 5,900, ನೆನಪಿನ ಪಟ್ಟಿಗಳಿಗೆ 3,500, ಐನೂರು ಜಿ.ಬಿ.ಯ ಎಸ್.ಎಸ್.ಡಿ.ಗೆ 3,000. ಈ ಕೊನೆಯದು ನಮ್ಮ ಹೆಬ್ಬೆರಳಿನಷ್ಟು ಅಗಲ, ಎಂಟು ಸೆಂಟಿಮೀಟರ್ ಉದ್ದವಷ್ಟೇ. ಶಾಲೆಯ ಪುಸ್ತಕ ಭಂಡಾರವೆಲ್ಲ ಅದರ ಒಂದು ಮೂಲೆಗೆ ಸಾಲದು. ಹಳೆಯ ಕಚೇರಿಯೊಂದರಿಂದ ಬಂದ ಮಾನಿಟರಿಗೆ 2,800, ಕೀಲಿಮಣೆ ಮತ್ತು ಮೌಸಿಗೆ 900, ಕ್ಯಾಬಿನೆಟ್ಟಿಗೆ 2,200. ವಿದ್ಯುತ್ ಪೆಟ್ಟಿಗೆಯನ್ನು ಅಂದು ಕೊಳ್ಳಲಿಲ್ಲ. ಐನೂರು ವ್ಯಾಟೆಂದು ಮೇಲೆ ಅಚ್ಚೊತ್ತಿದ್ದ ಒಂದು ಪೆಟ್ಟಿಗೆ ಎಂಟುನೂರಕ್ಕೆ ಸಿಗುತ್ತಿತ್ತು. ಹೆಸರುಳ್ಳ ಕಂಪನಿಯ 450 ವ್ಯಾಟಿನದು 3,400. ಎಂಟುನೂರರದೇ ಸಾಕು, ಉಳಿದುದನ್ನು ಕಾರ್ಡಿಗೆಂದು ಕೂಡಿಡೋಣವೆಂದು ನಮಗೆ ಮನಸ್ಸಾಗಿತ್ತು.

ಮನೆಯಲ್ಲಿ ಲೆಕ್ಕ ಒಪ್ಪಿಸಿದೆವು. ನಮ್ಮ ಮನೆಯವರಿಗೆ ಗಣಕಯಂತ್ರದ ಗಂಧವೂ ಇಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: “ಇದರಲ್ಲಿ ಯಾವುದು ಕೆಟ್ಟರೆ ತಾನೊಂದೇ ಕೆಡುತ್ತದೆ? ಯಾವುದು ಕೆಟ್ಟರೆ ಉಳಿದವನ್ನೂ ಸುಡುತ್ತದೆ?”

ನಾವು ಮಾತನಾಡಲಿಲ್ಲ. ಉಳಿದವನ್ನು ಸುಡಬಲ್ಲುದು ವಿದ್ಯುತ್ ಪೆಟ್ಟಿಗೆಯೊಂದೇ. ಗೋಡೆಯಿಂದ ಬರುವ ವಿದ್ಯುತ್ತನ್ನು ಹನ್ನೆರಡು ವೋಲ್ಟ್, ಐದು ವೋಲ್ಟ್ ಎಂದು ಅಳೆದು ಎಲ್ಲರಿಗೂ ಬಡಿಸುವುದು ಅದೇ. ಅಗ್ಗದ ಪೆಟ್ಟಿಗೆಯಲ್ಲಿ ಆ ಅಳತೆ ತಪ್ಪಿದರೆ ತಡೆಯುವವರಿಲ್ಲ. ಮರುದಿನವೇ ಮತ್ತೆ ಚಿಂತಾದ್ರಿಪೇಟೆಗೆ ಹೋಗಿ 3,400ರದನ್ನು ತಂದೆವು. 80 ಪ್ಲಸ್ ಎಂಬ ಮುದ್ರೆ ಅದರ ಮೇಲಿದೆ. ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಕ್ಕೆ ಕಡಿಮೆಯಿಲ್ಲದಂತೆ ಕೆಲಸಕ್ಕೆ ಒದಗಿಸಿ, ಉಳಿದುದನ್ನು ಮಾತ್ರ ಶಾಖವಾಗಿ ಕಳೆಯುವುದೆಂದು ಅದರ ಅರ್ಥ. ವೇಳಚೇರಿಯ ವಿದ್ಯುತ್ತಿನ ಸ್ವಭಾವವನ್ನು ಬಲ್ಲ ಮನೆಯವರು 2,600 ರೂಪಾಯಿಯ ಯು.ಪಿ.ಎಸ್. ಒಂದನ್ನೂ ತರಿಸಿದರು. ಒಟ್ಟು 35,900. ಉಳಿದ ನೂರು ರೂಪಾಯಿ ರೈಲಿಗೂ ಕಾಫಿಗೂ ಆಗಿಹೋಯಿತು. ಕಾರ್ಡಿನ ಡಬ್ಬವು ಈಗಲೂ ಬೀರುವಿನ ಮೇಲೆ ಬರಿದಾಗಿಯೇ ಇದೆ.

ಭಾನುವಾರ ನೆಲದ ಮೇಲೆ ಚಾಪೆ ಹಾಸಿ ಕುಳಿತೆವು. ಆ ಪ್ರೊಸೆಸರಿನ ತಳದಲ್ಲಿ 1,331 ಚಿನ್ನದ ಬಣ್ಣದ ಸೂಜಿಗಳಿವೆ. ಒಂದು ಬಾಗಿದರೂ ಹನ್ನೊಂದು ಸಾವಿರ ಹೋಯಿತೆಂಬ ಭಯ. ಮೂಲೆಯ ತ್ರಿಕೋನದ ಗುರುತನ್ನು ಹೊಂದಿಸಿ ಇಟ್ಟರೆ ಅದು ತಾನಾಗಿಯೇ ಇಳಿದು ಕುಳಿತಿತು, ಒತ್ತಬೇಕಾಗಲಿಲ್ಲ. ಚಿರಂಜೀವಿಯು ನೆನಪಿನ ಪಟ್ಟಿಗಳನ್ನು ಸೇರಿಸಿದನು. ಎಲ್ಲವನ್ನೂ ಮುಗಿಸಿ ಗುಂಡಿಯೊತ್ತಿದೆವು. ಫ್ಯಾನುಗಳು ತಿರುಗಿದವು, ದೀಪ ಹತ್ತಿತು. ತೆರೆ ಮಾತ್ರ ಕಪ್ಪಗೇ ಇದ್ದಿತು, ಅದರಲ್ಲಿ ನಮ್ಮಿಬ್ಬರ ಮುಖಗಳು. ಇಪ್ಪತ್ತು ವರುಷಗಳ ಹಿಂದಿನ ಆ ಕೊಠಡಿಯ ಬಾಗಿಲಿನಲ್ಲಿಯೇ ನಿಂತಂತಾಯಿತು. ಒಂದು ಗಂಟೆ ಬಿಚ್ಚಿದೆವು, ಕಟ್ಟಿದೆವು. ಕೊನೆಗೆ ಸಂಕೋಚವನ್ನು ಬಿಟ್ಟು ಗುರುವಿಗೆ ಹೇಳಿ ಕಳುಹಿಸಿದೆವು. ಅವನು ಬಂದು ಬಗ್ಗಿ ನೋಡಿ ನಗದಿರಲು ಬಹಳ ಪ್ರಯತ್ನಪಟ್ಟನು. ಬೋರ್ಡಿನ ಮೇಲ್ತುದಿಯಲ್ಲಿ ಪ್ರೊಸೆಸರಿಗೆಂದೇ ಪ್ರತ್ಯೇಕವಾಗಿ ಎಂಟು ಕಾಲಿನ ವಿದ್ಯುತ್ ತಂತಿಯೊಂದನ್ನು ಸೇರಿಸಬೇಕು. ಮನೆಗೆಲ್ಲ ದೀಪವಿಟ್ಟು ಅಡಿಗೆಯವನನ್ನೇ ಕತ್ತಲಲ್ಲಿ ಕೂರಿಸಿದ್ದೆವು. ತಂತಿ ಸೇರಿಸಿದನು. ತೆರೆ ಬೆಳಗಿತು.

ವಿಂಡೋಸ್‌ನ ಪರವಾನಗಿಗೆ ಹಣವಿರಲಿಲ್ಲ, ಕದ್ದ ಪ್ರತಿಯನ್ನು ಹಾಕಲು ಮನಸ್ಸಿರಲಿಲ್ಲ. ಉಚಿತವಾಗಿ ದೊರೆಯುವ ಉಬುಂಟುವನ್ನು ಹಾಕಿದೆವು. ಅದರಲ್ಲಿ ಕಗಪ ಎಂಬ ಕನ್ನಡದ ಕೀಲಿಮಣೆಯ ವಿನ್ಯಾಸವೂ ಇದೆ. ಈ ಲೇಖನವನ್ನು ಅದರಲ್ಲಿಯೇ ಬರೆಯುತ್ತಿದ್ದೇವೆ. ಹುಟ್ಟುಹಬ್ಬಕ್ಕೆಂದು ಸೋದರಮಾವನು ಕೊಟ್ಟ ಹಣದಲ್ಲಿ ಚಿರಂಜೀವಿಯು ತನ್ನ ಆಟವನ್ನು ಕೊಂಡನು. ಮೊದಲ ದಿನ ಭಾಷೆಗಳ ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸುತ್ತಿದ್ದವನು ಥಟ್ಟನೆ ನಿಂತು, “ಅಪ್ಪಾ, ಇಲ್ಲಿ ನೋಡು” ಎಂದನು. ‘ಕನ್ನಡ (ಭಾರತ)’ ಎಂದಿದ್ದಿತು. ಒತ್ತಿದೆವು. ಗುಂಡಿಗಳ ಮೇಲಿನ ಮಾತುಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಕೆಲವು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿದವು. ಇದನ್ನು ಕನ್ನಡಕ್ಕೆ ತಂದವರು ಯಾರೆಂದು ಕೇಳಿದನು. ಇಷ್ಟವಿದ್ದವರು ಸ್ವಇಚ್ಛೆಯಿಂದ ಬಿಡುವಿನ ಹೊತ್ತಿನಲ್ಲಿ ಮಾಡಿದ ಅನುವಾದವೆಂದೂ ಉಳಿದುದನ್ನು ಯಾರು ಬೇಕಾದರೂ ಮಾಡಬಹುದೆಂದೂ ಹೇಳಿದೆವು. “ಹಾಗಾದರೆ ನಾವೇ ಮಾಡೋಣ, ಕಾಗುಣಿತ ನೀನು ನೋಡಿಕೊ” ಎಂದನು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಬೀದಿ ಕತ್ತಲಾಯಿತು, ತೆರೆಯೊಂದು ಮಾತ್ರ ಬೆಳಗುತ್ತಿತ್ತು. ಮೇಜಿನ ಕೆಳಗೆ ಯು.ಪಿ.ಎಸ್. ಕೀಚು ದನಿಯಲ್ಲಿ ಕೂಗತೊಡಗಿತು. “ನನ್ನ ಎರಡು ಸಾವಿರದ ಆರುನೂರು ಕೂಗುತ್ತಿದೆ, ಆರಿಸಿ ಊಟಕ್ಕೆ ಬನ್ನಿ” ಎಂದು ಅಡಿಗೆಮನೆಯಿಂದ ಮನೆಯವರ ದನಿ ಕೇಳಿಸಿತು.